ಚೈನ್ ಬಿದ್ದ ಹುಡುಗಿ ರೇಸ್ ಗೆಲ್ಲಬೇಕಾ? ಚಿತ್ರಪುಸ್ತಕದ ಕೊನೆಯ ಪುಟಕ್ಕೆ ಸಲಹೆ ಬೇಕು

ಪುಟತಿರುಗಿಸು

ಎಲ್ಲರಿಗೂ ನಮಸ್ಕಾರ. ಐದರಿಂದ ಎಂಟು ವರ್ಷದ ಮಕ್ಕಳಿಗೆ ಒಂದು ಚಿತ್ರಪುಸ್ತಕ ಮಾಡುತ್ತಿದ್ದೇನೆ. ಕಥೆಯೂ ನನ್ನದೇ, ಚಿತ್ರವೂ ನನ್ನದೇ. ಹಾಗಾಗಿ ಬೈಯೋಕೆ ಬೇರೆ ಯಾರೂ ಸಿಗುವುದಿಲ್ಲ. ಒಟ್ಟು 32 ಪುಟ. ಹೆಸರು, ಹಕ್ಕು ಅಂತ ಕೆಲವು ಪುಟ ಹೋದರೆ ಕಥೆಗೆ ಉಳಿಯುವುದು 14 ಜೋಡಿಪುಟ. ಮಾತು 400 ಪದದ ಆಸುಪಾಸು.

ಕಥೆ ಇಷ್ಟೇ. ಪುಟ್ಟಿ ಮಕ್ಕಳ ಸೈಕಲ್ ರೇಸಿಗೆ ಸೇರುತ್ತಾಳೆ. ಒಂದು ಕಿಲೋಮೀಟರ್ ಹೋಗಿ, ಅಲ್ಲಿ ತಿರುಗಿ, ಒಂದು ಕಿಲೋಮೀಟರ್ ವಾಪಸ್ ಬರಬೇಕು. ಸರಿಯಾಗಿ ತಿರುಗುವ ಜಾಗದಲ್ಲೇ ಚೈನ್ ಬೀಳುತ್ತದೆ. ಎಲ್ಲರೂ ಮುಂದೆ ಹೋಗುತ್ತಾರೆ. ಅವಳು ಚೈನ್ ಹಾಕಿಕೊಂಡು ಮತ್ತೆ ಹೊರಡುತ್ತಾಳೆ.

ಸಿಕ್ಕಿಹಾಕಿಕೊಂಡಿರುವುದು ಕೊನೆಯಲ್ಲಿ. ಎರಡು ಥರ ಬರೆದು ಎರಡನ್ನೂ ಆರು ವರ್ಷದ ಮಗಳಿಗೆ ಓದಿದೆ. ಮೊದಲನೆಯದರಲ್ಲಿ ಪುಟ್ಟಿ ಎಲ್ಲರನ್ನೂ ಹಿಂದೆ ಹಾಕಿ ಫಸ್ಟ್ ಬರುತ್ತಾಳೆ. ಮಗಳು ಚಪ್ಪಾಳೆ ತಟ್ಟಿದಳು, ಎದ್ದು ಆಟಕ್ಕೆ ಹೋದಳು, ಕಥೆ ಅಲ್ಲಿಗೆ ಮುಗಿಯಿತು. ಎರಡನೆಯದರಲ್ಲಿ ಪುಟ್ಟಿ ಕೊನೆಯವಳು. ಆಮೇಲೂ ಎಲ್ಲರೂ ಅವಳನ್ನು ಎತ್ತಿ ಕುಣಿಸುತ್ತಾರೆ. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಫಸ್ಟ್ ಬಂದವರನ್ನ ಯಾಕೆ ಎತ್ತಲಿಲ್ಲ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಯಾವುದನ್ನು ಇಟ್ಟುಕೊಳ್ಳಲಿ?

ರಾತ್ರಿಕಥೆ

ಗೆಲ್ಲಿಸಿಬಿಡಿ. ಮಕ್ಕಳು ದಿನವಿಡೀ ಸೋಲುತ್ತಲೇ ಇರುತ್ತಾರೆ. ಬಾಟಲಿ ಮುಚ್ಚಳ ತೆಗೆಯೋಕೆ ಬರಲ್ಲ, ಶೂ ಲೇಸ್ ಕಟ್ಟೋಕೆ ಬರಲ್ಲ, ಸ್ವಿಚ್ಚಿಗೆ ಕೈ ಎಟುಕಲ್ಲ. ರಾತ್ರಿ ಮಲಗುವ ಮುಂಚೆ ಹತ್ತು ನಿಮಿಷವಾದರೂ ಗೆಲ್ಲಲಿ ಬಿಡಿ. ದೊಡ್ಡವರಿಗೆ ಮಾತ್ರ ಸೋಲಿನ ಕಥೆ ಬಲು ಇಷ್ಟ.

ನಿಮ್ಮ ಮಗಳ ಪ್ರಶ್ನೆ ಮಾತ್ರ ಸೂಪರ್.

ಹಳೇಪೆಡಲ್

ಹುಡುಗನಾಗಿದ್ದಾಗಿನಿಂದ ಸೈಕಲ್ ತುಳಿಯುತ್ತಿರುವವನು ನಾನು. ಮೊದಲು ಒಂದು ಸಣ್ಣ ಲೆಕ್ಕ.

ಆ ವಯಸ್ಸಿನ ಮಕ್ಕಳು ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಹೋಗುತ್ತಾರೆ ಅಂತ ಇಟ್ಟುಕೊಳ್ಳೋಣ. ಅಂದರೆ ನಿಮಿಷಕ್ಕೆ 250 ಮೀಟರ್. ಅಭ್ಯಾಸ ಇಲ್ಲದ ಪುಟ್ಟ ಕೈಗೆ ಚೈನ್ ಹಾಕೋಕೆ ಎರಡು ನಿಮಿಷವಾದರೂ ಬೇಕು. ಅಷ್ಟರಲ್ಲಿ ಮುಂದಿನವರು ಅರ್ಧ ಕಿಲೋಮೀಟರ್ ದೂರದಲ್ಲಿರುತ್ತಾರೆ. ಇನ್ನೆರಡು ನಿಮಿಷಕ್ಕೆ ಅವರ ರೇಸ್ ಮುಗಿಯಿತು. ಪುಟ್ಟಿ ಅದೇ ಎರಡು ನಿಮಿಷದಲ್ಲಿ ಇಡೀ ಒಂದು ಕಿಲೋಮೀಟರ್ ಬರಬೇಕು. ಗಂಟೆಗೆ 30 ಕಿಲೋಮೀಟರ್! ಎಲ್ಲರ ಎರಡರಷ್ಟು. ಅಷ್ಟು ವೇಗ ಅವಳಲ್ಲಿ ಇದ್ದಿದ್ದರೆ ಚೈನ್ ಬೀಳುವ ಮುಂಚೆ ಎಲ್ಲಿ ಅಡಗಿಸಿಟ್ಟಿದ್ದಳು? ಎಂಟು ವರ್ಷದವರು ಈ ಲೆಕ್ಕ ಮಾಡಲ್ಲ, ಸರಿ. ಆದರೆ ಏನೋ ಮೋಸ ಇದೆ ಅಂತ ಅವರಿಗೂ ವಾಸನೆ ಹತ್ತುತ್ತದೆ.

ಇನ್ನು ನಿಜವಾಗಿ ನಡೆದಿದ್ದು ಕೇಳಿ. 1913ರ ಟೂರ್ ಡಿ ಫ್ರಾನ್ಸ್, ಫ್ರಾನ್ಸಿನ ಆ ದೊಡ್ಡ ಸೈಕಲ್ ರೇಸ್. ಯೂಜೀನ್ ಕ್ರಿಸ್ಟೋಫ್ ಅನ್ನುವವರು ಗೆಲ್ಲುವ ಸಾಧ್ಯತೆ ಇದ್ದ ಸವಾರ. ತುರ್ಮಲೇ ಬೆಟ್ಟ ಇಳಿಯುವಾಗ ಮುಂದಿನ ಫೋರ್ಕ್, ಅಂದರೆ ಮುಂದಿನ ಚಕ್ರ ಹಿಡಿದಿಡುವ ಕವಲು, ಮುರಿಯಿತು. ಆಗಿನ ನಿಯಮದಲ್ಲಿ ಬೇರೆಯವರ ಸಹಾಯ ಪಡೆಯುವಂತಿಲ್ಲ. ಸೈಕಲನ್ನು ಹೆಗಲಿಗೇರಿಸಿಕೊಂಡು ಹತ್ತು ಕಿಲೋಮೀಟರಿಗೂ ಜಾಸ್ತಿ ನಡೆದರು. ಕೆಳಗಿನ ಊರಲ್ಲಿ ಒಂದು ಕುಲುಮೆ ಸಿಕ್ಕಿತು. ಅಲ್ಲಿ ತಾವೇ ಕಬ್ಬಿಣ ಕಾಯಿಸಿ, ಬಡಿದು ಫೋರ್ಕ್ ಸರಿಮಾಡಿಕೊಂಡರು. ತಿದಿ ಒತ್ತಿದ್ದು ಒಬ್ಬ ಚಿಕ್ಕ ಹುಡುಗ. ಅಧಿಕಾರಿಗಳು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಆ ಹುಡುಗ ತಿದಿ ಒತ್ತಿದ್ದೂ ಸಹಾಯ ಅಂತ ದಂಡ ಹಾಕಿದರು!

ಆ ವರ್ಷ ಕ್ರಿಸ್ಟೋಫ್ ಏಳನೆಯವರಾಗಿ ಮುಗಿಸಿದರು. ಟೂರ್‌ನಲ್ಲಿ ಮುಂದಿರುವವರು ತೊಡುವ ಹಳದಿ ಜೆರ್ಸಿಯನ್ನು 1919ರಲ್ಲಿ ಮೊಟ್ಟಮೊದಲು ತೊಟ್ಟವರೂ ಇವರೇ. ಆ ವರ್ಷವೂ ಮುಂದಿದ್ದಾಗಲೇ ಮತ್ತೆ ಫೋರ್ಕ್ ಮುರಿಯಿತು. ಟೂರ್ ಅನ್ನು ಒಮ್ಮೆಯೂ ಗೆಲ್ಲಲಿಲ್ಲ. ಗೆದ್ದವರ ಹೆಸರು ಮರೆತವರಿಗೂ ಆ ಕುಲುಮೆಯ ಕಥೆ ಗೊತ್ತಿರುತ್ತದೆ.

ಬಣ್ಣದಡಬ್ಬಿ

ಪುಟತಿರುಗಿಸು ಅವರೇ, ಕೊನೆಯ ಪುಟದ ಜಗಳ ಆಮೇಲೆ. ಚೈನ್ ಬೀಳುವ ಚಿತ್ರ ಇದ್ದರೆ ಇಲ್ಲಿ ಹಾಕಿ. ಅಲ್ಲೇ ಏನೋ ಎಡವಟ್ಟಾಗಿರುತ್ತದೆ ಅಂತ ಅನುಮಾನ.

ಪುಟತಿರುಗಿಸು

ಹಾಕಿದ್ದೇನೆ. 7ನೇ ಜೋಡಿಪುಟ. ವಾಪಸ್ ತಿರುಗಿದ ಮೇಲೆ ಅಂತ ಸೈಕಲ್ ಎಡಕ್ಕೆ ಮುಖ ಮಾಡಿದೆ. ಪುಟ್ಟಿ ಕುಕ್ಕರಗಾಲಲ್ಲಿ ಕೂತು ಜೋತುಬಿದ್ದ ಚೈನ್ ನೋಡುತ್ತಿದ್ದಾಳೆ.

ಬಣ್ಣದಡಬ್ಬಿ

ಅಂದುಕೊಂಡೆ! ಸೈಕಲ್ ಚೈನ್ ಇರುವುದು ಸವಾರನ ಬಲಗಡೆ. ಸೈಕಲ್ ಬಲಕ್ಕೆ ಹೋಗುತ್ತಿದ್ದರೆ ನಮಗೆ ಚೈನ್ ಕಾಣುತ್ತದೆ. ಎಡಕ್ಕೆ ಹೋಗುತ್ತಿದ್ದರೆ ಅದು ಆಚೆ ಬದಿಗೆ ಹೋಗುತ್ತದೆ. ನೀವು ಬಲಕ್ಕೆ ಹೋಗುವ ಚಿತ್ರ ಬರೆದು ಕಂಪ್ಯೂಟರಿನಲ್ಲಿ ಮಗುಚಿದ್ದೀರಿ. ಹೌದಲ್ವಾ? ಅಂಗಿಯ ಮೇಲಿನ ನಂಬರ್ ಮಾತ್ರ ನೆನಪಿಟ್ಟು ಸರಿಮಾಡಿದ್ದೀರಿ. ಚೈನ್ ಎಡಗಡೆಗೆ ಬಂದು ಕೂತಿದೆ.

ಬೇಜಾರು ಮಾಡಿಕೊಳ್ಳಬೇಡಿ. ದಿನಾ ಕಣ್ಣೆದುರಿಗಿದ್ದರೂ ಸೈಕಲ್ ಬರೆಯುವುದು ಕಷ್ಟ. ಲಿವರ್‌ಪೂಲ್ ವಿಶ್ವವಿದ್ಯಾಲಯದ ರೆಬೆಕಾ ಲಾಸನ್ 2006ರಲ್ಲಿ ಇದನ್ನೇ ಪರೀಕ್ಷಿಸಿ ಬರೆದಿದ್ದಾರೆ. ಎಷ್ಟೋ ಜನ ಚೈನನ್ನು ಎರಡೂ ಚಕ್ರಕ್ಕೆ ಸುತ್ತಿಬಿಟ್ಟಿದ್ದರಂತೆ. ಹಾಗೆ ಸುತ್ತಿದರೆ ಹ್ಯಾಂಡಲ್ ತಿರುಗಿಸೋದು ಹೇಗೆ?

ಇನ್ನೊಂದು ವಿಷಯ. ನಾವು ಓದುವುದು ಎಡದಿಂದ ಬಲಕ್ಕೆ. ಕಣ್ಣು ಬಲಕ್ಕೆ ಸರಿಯುತ್ತದೆ, ಪುಟ ತಿರುಗಿಸುವ ಕೈಯೂ ಬಲ ಅಂಚಿನಲ್ಲೇ ಇರುತ್ತದೆ. ಅದಕ್ಕೇ ಬಲಕ್ಕೆ ಹೋಗುವ ಸೈಕಲ್ ಮುಂದೆ ಹೋದಂತೆ ಕಾಣುತ್ತದೆ. ಎಡಕ್ಕೆ ಮುಖ ಮಾಡಿದ್ದು ಯಾರನ್ನೋ ಎದುರು ಹಾಕಿಕೊಂಡಂತೆ. ವಾಪಸ್ ಬರುವ ಎಂಟು ಜೋಡಿಪುಟವನ್ನೂ ಎಡಮುಖ ಮಾಡಿದರೆ ಓದುವವರಿಗೇ ಸುಸ್ತು. ರಸ್ತೆ ತಿರುಗಿತು ಅಂತ ಒಂದೇ ಒಂದು ಚಿತ್ರದಲ್ಲಿ ತೋರಿಸಿ. ಆಮೇಲೆ ನಾವು ರಸ್ತೆಯ ಆಚೆ ಬದಿಯಲ್ಲಿ ನಿಂತು ನೋಡುತ್ತಿದ್ದೇವೆ ಅಂತ ಮಾಡಿ, ಮತ್ತೆ ಬಲಮುಖ. ಚೈನೂ ಕಾಣುತ್ತದೆ.

ಏರು ಇದ್ದರೆ ಎಡ ಕೆಳಮೂಲೆಯಿಂದ ಬಲ ಮೇಲ್ಮೂಲೆಗೆ ಗೆರೆ ಎಳೆಯಿರಿ. ಸೈಕಲ್ ತೀರಾ ಚಿಕ್ಕದಾಗಿರಲಿ. ಮುಖವನ್ನು ಮಾತ್ರ ನಡು ಮಡಿಕೆಗೆ ತರಬೇಡಿ, ಹೊಲಿಗೆಯಲ್ಲಿ ಮೂಗು ಹೋಗಿಬಿಡುತ್ತದೆ.

ಸುಮ್ನೆಓದೋನು

ಈಗ ಎದ್ದು ಹೋಗಿ ಸೈಕಲ್ ನೋಡಿಕೊಂಡು ಬಂದೆ. ಬಲಗಡೆಯೇ ಇದೆ. ನಲವತ್ತು ವರ್ಷ ಏನು ನೋಡಿದೆನೋ.

ಒಂದನೇಕ್ಲಾಸ್ ಮೇಷ್ಟ್ರು

ನಾನು ಮಕ್ಕಳಿಗೆ ಕಥೆ ಓದಿದ ಮೇಲೆ ಪುಸ್ತಕ ಮುಚ್ಚಿ, ನೀವೇ ಹೇಳಿ ಅನ್ನುತ್ತೇನೆ. ಅವರು ವಾಪಸ್ ಹೇಳುವಾಗ ಯಾವುದು ಉಳಿದಿದೆಯೋ ಅದೇ ಪುಸ್ತಕ. ನಾವು ಕೊನೆಯಲ್ಲಿ ಬರೆದ ನೀತಿ ಒಬ್ಬರ ಬಾಯಲ್ಲೂ ಬರುವುದಿಲ್ಲ. ಯಾರೋ ಬಿದ್ದಿದ್ದು, ಏನೋ ಮುರಿದದ್ದು, ಒಂದು ಸದ್ದು, ಇಷ್ಟು ಬರುತ್ತದೆ.

ನಿಮ್ಮ 7 ಮತ್ತು 8ನೇ ಜೋಡಿಪುಟದ ಮಾತು ಕಳಿಸುತ್ತೀರಾ?

ಪುಟತಿರುಗಿಸು

ಇಗೋ ಮೇಷ್ಟ್ರೇ.

7: "ಅಯ್ಯೋ! ಪುಟ್ಟಿಯ ಸೈಕಲ್ ಚೈನ್ ಬಿದ್ದೇಹೋಯಿತು. ಎಲ್ಲರೂ ಮುಂದೆ ಹೋದರು."

8: "ಆದರೆ ಪುಟ್ಟಿ ಛಲ ಬಿಡಲಿಲ್ಲ. ಪರಿಶ್ರಮದಿಂದ ಚೈನ್ ಸರಿಪಡಿಸಿ ಮತ್ತೆ ಮುನ್ನಡೆದಳು!"

ಒಂದನೇಕ್ಲಾಸ್ ಮೇಷ್ಟ್ರು

ನೋಡಿ, ಇಲ್ಲೇ ಇದೆ ವಿಷಯ. ನೀವು ಕೊನೆಯ ಪುಟದ ಬಗ್ಗೆ ಕೇಳುತ್ತಿದ್ದೀರಿ. ರೋಗ ಇರುವುದು 8ನೇ ಜೋಡಿಪುಟದಲ್ಲಿ. ಪುಟ ತಿರುಗಿಸುವಷ್ಟರಲ್ಲಿ ಚೈನ್ ಸರಿಯಾಗಿಬಿಟ್ಟಿದೆ! ಹಾಗಾದರೆ ಅವಳು ಪಟ್ಟು ಹಿಡಿದದ್ದು ಎಲ್ಲಿ? ಅದನ್ನು ಎರಡು ಪುಟದ ನಡುವೆ, ಯಾರೂ ನೋಡದ ಕಡೆ ಮುಗಿಸಿ, ನಮಗೆ "ಛಲ ಬಿಡಲಿಲ್ಲ" ಅಂತ ಸುದ್ದಿ ಮಾತ್ರ ಕೊಟ್ಟಿದ್ದೀರಿ.

ಮಕ್ಕಳು ಕಷ್ಟಪಡುವುದನ್ನು ನೋಡಿ ಕಲಿಯುತ್ತಾರೆ. 2017ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 'ಸೈನ್ಸ್' ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಒಂದು, ಒಂದೂವರೆ ವರ್ಷದ ಕೂಸುಗಳ ಮುಂದೆ ದೊಡ್ಡವರು ಡಬ್ಬದಿಂದ ಆಟಿಕೆ ತೆಗೆಯಬೇಕು. ಕೆಲವು ಕೂಸುಗಳು ನೋಡುವಾಗ ಅದು ಸಲೀಸಾಗಿ ಬರುತ್ತದೆ. ಇನ್ನು ಕೆಲವು ನೋಡುವಾಗ ತುಂಬಾ ಹೊತ್ತು ಒದ್ದಾಡಿ ತೆಗೆಯುತ್ತಾರೆ. ಆಮೇಲೆ ಕೂಸಿನ ಕೈಗೆ ಬೇರೊಂದು ಆಟಿಕೆ. ಅದರ ಮೇಲಿನ ಗುಂಡಿ ಒತ್ತಿದರೆ ಏನೂ ಆಗಲ್ಲ. ಒದ್ದಾಟ ನೋಡಿದ ಕೂಸುಗಳು ಆ ಗುಂಡಿಯನ್ನು ಹೆಚ್ಚು ಸಲ ಒತ್ತಿದವು. ಅದು ಪುಸ್ತಕದ ಪ್ರಯೋಗ ಅಲ್ಲ, ಎದುರಿಗಿದ್ದ ಮನುಷ್ಯರದ್ದು. ಆದರೂ ನಿಮ್ಮ 8ನೇ ಜೋಡಿಪುಟ ಓದಿದಾಗ ನನಗೆ ಅದೇ ನೆನಪಾಯಿತು.

ಕೊನೆಯಲ್ಲಿ ಅಮ್ಮನೋ ಟೀಚರೋ ಬಂದು "ನೀನು ಜಾಣೆ" ಅನ್ನುವ ಮಾತಿದ್ದರೆ ಅದನ್ನೂ ತೆಗೆಯಿರಿ. ಮ್ಯುಲ್ಲರ್ ಮತ್ತು ಡ್ವೆಕ್ ಅನ್ನುವ ಮನಶ್ಶಾಸ್ತ್ರಜ್ಞರು 1998ರಲ್ಲಿ ತೋರಿಸಿದ್ದು ಗೊತ್ತಿರಬಹುದು. "ಬುದ್ಧಿವಂತ" ಅಂತ ಹೊಗಳಿಸಿಕೊಂಡ ಐದನೇ ತರಗತಿಯ ಮಕ್ಕಳು ಕಷ್ಟದ ಒಗಟು ಎದುರಾದ ಮೇಲೆ ಮುಂದುವರಿಸಲು ಅಷ್ಟು ಆಸಕ್ತಿ ತೋರಲಿಲ್ಲ. "ಚೆನ್ನಾಗಿ ಪ್ರಯತ್ನಪಟ್ಟೆ" ಅನ್ನಿಸಿಕೊಂಡವರಿಗೆ ಆ ಆಸಕ್ತಿ ಹೆಚ್ಚಿತ್ತು.

ಪುಟತಿರುಗಿಸು

"ನೀನು ಜಾಣೆ ಪುಟ್ಟಿ" ಇದೆ. ಅದೇ ಕೊನೆಯ ವಾಕ್ಯ. ತೆಗೆಯುತ್ತೇನೆ.

ಒಪ್ಪದವಳು

ಎಲ್ಲರೂ ಒಂದೇ ರಾಗ ಹಾಡುತ್ತಿದ್ದೀರಿ. ನಾನು ಬೇರೆ ಹೇಳುತ್ತೇನೆ. ನಿಲ್ಲಿಸಬೇಡ, ಬಿಡಬೇಡ ಅಂತ ಮಕ್ಕಳಿಗೆ ಹೇಳುವ ಪುಸ್ತಕ ಈಗಾಗಲೇ ರಾಶಿ ಇವೆ. ಮಂಡಿ ಊದಿಕೊಂಡಿದ್ದರೂ ಹೇಳದೆ ಓಡಿದ ಮಗು ನನ್ನ ಮನೆಯಲ್ಲೇ ಇದೆ. ಕೋಚ್ ಬೈಯುತ್ತಾರೆ ಅಂತ ಹೆದರಿಕೆ. ಬ್ರೇಕ್ ಸರಿ ಇಲ್ಲದಿದ್ದರೆ ರೇಸ್ ಬಿಡುವುದೇ ಸರಿ ಅಲ್ವಾ? ಚೈನ್ ಬದಲು ಬ್ರೇಕ್ ತಂತಿ ಕಿತ್ತಿದ್ದರೆ ಆಗಲೂ "ಛಲ ಬಿಡಲಿಲ್ಲ" ಅಂತೀರಾ?

ರಾತ್ರಿಕಥೆ

ಅದು ಬೇರೆ ಪುಸ್ತಕ ಮೇಡಂ. ಒಂದರಲ್ಲೇ ಎಲ್ಲಾ ತುರುಕಿದರೆ 32 ಪುಟ ಸಾಲಲ್ಲ.

ಹಳೇಪೆಡಲ್

ಇಲ್ಲ, ಒಪ್ಪದವಳು ಅವರ ಮಾತಲ್ಲಿ ಹುರುಳಿದೆ. ದೊಡ್ಡ ರೇಸುಗಳಲ್ಲೇ ಬಿಡುವುದಕ್ಕೂ ಒಂದು ದಾರಿ ಇಟ್ಟಿದ್ದಾರೆ. ಟೂರ್ ಡಿ ಫ್ರಾನ್ಸ್ 1910ರಲ್ಲಿ ಮೊದಲ ಸಲ ಫ್ರಾನ್ಸ್-ಸ್ಪೇನ್ ಗಡಿಯ ಪಿರಿನೀಸ್‌ನ ದೊಡ್ಡ ಬೆಟ್ಟಗಳನ್ನು ಹತ್ತಿದಾಗಿನಿಂದ ಎಲ್ಲರ ಹಿಂದೆ ಒಂದು ಗಾಡಿ ಬರುತ್ತದೆ. ಅದಕ್ಕೆ ಪೊರಕೆ ಗಾಡಿ ಅಂತಲೇ ಹೆಸರು. ಕೈಲಾಗದವರನ್ನು ಗುಡಿಸಿಕೊಂಡು ಬರುವುದು ಅದರ ಕೆಲಸ. ಹತ್ತಿ ಕೂತರೆ ಯಾರೂ ನಗುವುದಿಲ್ಲ. ಇನ್ನು ಕೊನೆಯವನಾಗಿ ಮುಗಿಸಿದವನಿಗೆ 'ಕೆಂಪು ದೀಪ' ಅನ್ನುವ ಹೆಸರು. ರೈಲಿನ ಕೊನೇ ಡಬ್ಬಿಯ ಹಿಂದೆ ಕೆಂಪು ದೀಪ ಇರುತ್ತಲ್ಲ, ಅದರಿಂದ ಬಂದದ್ದು.

ಪೊರಕೆ ಅಂದಾಗ ನೆನಪಾಯಿತು. 1924ರ ಇಟಲಿಯ ಜಿರೋ ರೇಸಿನಲ್ಲಿ ಅಲ್ಫೊನ್ಸೀನಾ ಸ್ಟ್ರಾಡಾ ಅನ್ನುವ ಹೆಣ್ಣುಮಗಳು ಗಂಡಸರ ಜೊತೆ ಓಡಿಸಿದಳು. ಬಿದ್ದು ಹ್ಯಾಂಡಲ್ ಮುರಿಯಿತು. ಪೊರಕೆಯ ಕೋಲು ಕಟ್ಟಿಕೊಂಡು ಮುಂದೆ ಹೋದಳು. ಅವತ್ತು ಸಮಯದ ಗಡುವು ಮೀರಿತು. ಲೆಕ್ಕದಿಂದ ಹೊರಗಿಟ್ಟರು, ಆದರೆ ಸೈಕಲ್ ತುಳಿಯೋಕೆ ಅಡ್ಡಿ ಮಾಡಲಿಲ್ಲ. ಮಿಲಾನಿನವರೆಗೂ ಹೋಗಿ ಮುಗಿಸಿದಳು. ಹೊರಟ 90 ಜನರಲ್ಲಿ ಮುಗಿಸಿದವರ ಅಧಿಕೃತ ಪಟ್ಟಿ ಸೇರಿದವರು 30 ಗಂಡಸರು.

ಪುಟ್ಟಿಗೂ ಪೊರಕೆ ಗಾಡಿ ಒಂದು ಇರಲಿ. ಅದರ ಡ್ರೈವರ್ ಬಂದು "ಹತ್ತುತ್ತೀಯಾ?" ಅಂತ ಕೇಳಲಿ. ಬೈಯದೆ, ಒತ್ತಾಯ ಮಾಡದೆ. ಇವಳು "ಇನ್ನೊಂದು ಸಲ ನೋಡ್ತೀನಿ" ಅನ್ನಲಿ. ಬಿಡುವ ದಾರಿ ಕಣ್ಣೆದುರೇ ಇದ್ದಾಗ ತಾನೇ ಬಿಡದಿರುವುದಕ್ಕೆ ಅರ್ಥ?

ಒಪ್ಪದವಳು

ಹಾಗಿದ್ದರೆ ಒಪ್ಪುತ್ತೇನೆ. ಹೆಸರು ಬದಲಿಸಬೇಕೇನೋ.

ತಿದ್ದುವಪೆನ್ನು

ಭಾಷೆಯ ಬಗ್ಗೆ ಯಾರೂ ಮಾತಾಡಿಲ್ಲ. "ಛಲ", "ಪರಿಶ್ರಮ", "ಮುನ್ನಡೆದಳು" ಮೂರನ್ನೂ ತೆಗೆಯಿರಿ. ಇವು ಭಾಷಣದ ಪದ. ಸೈಕಲ್ ಪಕ್ಕ ಕೂತಿರುವ ಹುಡುಗಿಗೆ ಕಾಣುವುದು ಚೈನು, ಹಲ್ಲು, ಎಣ್ಣೆ.

ಕನ್ನಡದಲ್ಲಿ ನಮಗೊಂದು ಅನುಕೂಲ ಇದೆ, ಅದನ್ನು ಬಳಸಿ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಅದರ ಮುಂಚೆ ಹಿಡಿದು, ಎಳೆದು, ಸಿಕ್ಕಿಸಿ, ತಿರುಗಿಸಿ ಅಂತ ಎಷ್ಟು ಬೇಕಾದರೂ ಪೋಣಿಸಬಹುದು. ಕೇಳುವ ಮಗು ಬಾಯಿ ತೆರೆದುಕೊಂಡು ಕಾಯುತ್ತಿರುತ್ತದೆ. ಪುಟ ತಿರುಗಿಸಿದ ಮೇಲೆ ಆ ಕೊನೆಯ ಪದ ಕೊಡಿ. ಅದು "ಹೊರಟಳು" ಅಂತಲೂ ಇರಬಹುದು, "ಮತ್ತೆ ಬಿತ್ತು" ಅಂತಲೂ ಇರಬಹುದು. ಒಂದು ಸಲ ಮೋಸ ಹೋದ ಮಗು ಎರಡನೇ ಸಲ ಇನ್ನೂ ಗಟ್ಟಿಯಾಗಿ ಕಾಯುತ್ತದೆ.

ಸದ್ದುಗಳನ್ನೂ ಜಿಪುಣತನ ಮಾಡದೆ ಹಾಕಿ. ಚೈನ್ ಬಿದ್ದಾಗ "ಕಳಕ್". ಖಾಲಿ ಪೆಡಲ್ ತಿರುಗಿದಾಗ "ಗಿರ್ರ್". ಓದುವ ಅಪ್ಪ ಅಮ್ಮಂದಿರಿಗೂ ಒಂದಿಷ್ಟು ನಾಟಕ ಮಾಡುವ ಅವಕಾಶ ಬೇಕು.

ತಾನೇ ಓದಿಕೊಳ್ಳುವ ಮಗುವಿಗಾದರೆ ಒತ್ತಕ್ಷರ ಕಡಿಮೆ ಇರಲಿ. ಓದಿ ಹೇಳುವ ಪುಸ್ತಕಕ್ಕೆ ಆ ಚಿಂತೆ ಇಲ್ಲ.

ಹಳೇಪೆಡಲ್

ಚೈನ್ ಹಾಕುವ ಕ್ರಮ ತಪ್ಪಾಗಬಾರದು. ಮಕ್ಕಳು ಪುಸ್ತಕ ನೋಡಿ ನಿಜವಾಗಿಯೂ ಮಾಡುತ್ತಾರೆ. ಮೊದಲು ಹಿಂದಿನ ಚಿಕ್ಕ ಹಲ್ಲುಚಕ್ರಕ್ಕೆ ಚೈನ್ ಕೂರಿಸಬೇಕು. ಆಮೇಲೆ ಮುಂದಿನ ದೊಡ್ಡ ಚಕ್ರದ ಒಂದೆರಡು ಹಲ್ಲಿಗೆ ಸಿಕ್ಕಿಸಿ, ಪೆಡಲನ್ನು ಕೈಯಿಂದ ಮೆಲ್ಲಗೆ ತಿರುಗಿಸಬೇಕು. ಉಳಿದದ್ದು ತಾನಾಗಿ ಏರಿ ಕೂರುತ್ತದೆ. ಬೆರಳು ಚೈನಿಗೂ ಹಲ್ಲಿಗೂ ನಡುವೆ ಹೋಗದ ಹಾಗೆ ಬರೆಯಿರಿ, ದಯವಿಟ್ಟು. ನನ್ನ ತೋರುಬೆರಳಿನ ಉಗುರು ಇವತ್ತಿಗೂ ಸೊಟ್ಟ.

ಕೈಯೆಲ್ಲಾ ಕರಿ ಆಗುತ್ತದೆ. ಆ ಕರಿ ಸುಲಭಕ್ಕೆ ಹೋಗಲ್ಲ.

ಬಣ್ಣದಡಬ್ಬಿ

ಆ ಕರಿ!! ಅದನ್ನು ಬಿಡಬೇಡಿ. ಚೈನ್ ಮುಟ್ಟಿದ ಮೇಲೆ ಅವಳು ಏನನ್ನು ಮುಟ್ಟಿದರೂ ಬೆರಳಚ್ಚು ಬೀಳಲಿ. ಹ್ಯಾಂಡಲ್ ಮೇಲೆ, ಕೆನ್ನೆ ಮೇಲೆ, ನಂಬರ್ ಚೀಟಿ ಮೇಲೆ. ಒಂದು ಪದವೂ ಬೇಡ.

ಪುಟತಿರುಗಿಸು

ಹತ್ತು ದಿನ ಕಾಣೆಯಾಗಿದ್ದೆ. ಎಲ್ಲಾ ಕಿತ್ತು ಮತ್ತೆ ಕಟ್ಟಿದೆ. ಚೈನ್ ಬೀಳುವುದು ಈಗ 5ನೇ ಜೋಡಿಪುಟಕ್ಕೆ ಬಂದಿದೆ. 6, 7, 8, 9 ನಾಲ್ಕೂ ಜೋಡಿಪುಟ ಅವಳು ಅಲ್ಲೇ ಕೂತಿದ್ದಾಳೆ. ಜಾಗ ಸಾಲದೆ ಶುರುವಿನ ರೇಸ್ ತಯಾರಿ ಪೂರ್ತಿ ಹೋಯಿತು. ಬಣ್ಣಬಣ್ಣದ ಬಾವುಟ ಬರೆದಿದ್ದೆ, ಹೊಟ್ಟೆ ಉರಿಯಿತು.

6: "ಹಿಂದಿನ ಚಕ್ರಕ್ಕೆ ಕೂರಿಸಿ, ಮುಂದಿನ ಹಲ್ಲಿಗೆ ಸಿಕ್ಕಿಸಿ, ಪೆಡಲ್ ಹಿಡಿದು, ಮೆಲ್ಲಗೆ, ಮೆಲ್ಲಗೆ ತಿರುಗಿಸಿ…"

7: "ಕಳಕ್. ಮತ್ತೆ ಬಿತ್ತು."

8ರಲ್ಲಿ ಪೊರಕೆ ಗಾಡಿ. ಡ್ರೈವರ್ ಕಿಟಕಿಯಿಂದ ಕೇಳುತ್ತಾನೆ, ಪುಟ್ಟಿ ಉತ್ತರ ಕೊಡುತ್ತಾಳೆ. ಅವನು ಎಂಜಿನ್ ಆರಿಸಿ ಕಾಯುತ್ತಾನೆ. 9ರಲ್ಲಿ ಮಾತೇ ಇಲ್ಲ. ಎರಡು ಪುಟದ ತುಂಬಾ ಎರಡು ಕೈ, ಒಂದು ಚೈನು. 10ಕ್ಕೆ ಒಂದೇ ಪದ: "ಹೊರಟಳು."

ಕೊನೆಗೆ ಗೆಲ್ಲಿಸಲಿಲ್ಲ, ಎತ್ತಿ ಕುಣಿಸಲೂ ಇಲ್ಲ. ಅವಳು ಬರುವಷ್ಟರಲ್ಲಿ ರಿಬ್ಬನ್ ಬಿಚ್ಚಿ ಸುತ್ತಿಡುತ್ತಿದ್ದಾರೆ. ಗೆರೆ ಎಲ್ಲಿದೆ ಅಂತ ಗೊತ್ತಾಗದೆ ಪುಟ್ಟಿ ದಾಟಿಕೊಂಡು ಹೋಗುತ್ತಲೇ ಇದ್ದಾಳೆ. ಹಿಂದಿನಿಂದ ಎಲ್ಲರೂ "ಏಯ್ ಪುಟ್ಟೀ, ಮುಗೀತು, ನಿಲ್ಸೇ!" ಅಂತ ಕೂಗುತ್ತಿದ್ದಾರೆ.

ರಾತ್ರಿಕಥೆ

ನಾನು ಗೆಲ್ಲಿಸಿ ಅಂದವಳು. ಈ ಕೊನೆ ಓದಿ ನಕ್ಕುಬಿಟ್ಟೆ. ಮಗಳಿಗೆ ಓದಿದಿರಾ? ಏನಂದಳು?

ಪುಟತಿರುಗಿಸು

ಓದಿದೆ. 7ನೇ ಜೋಡಿಪುಟದಲ್ಲಿ "ಕಳಕ್" ನಾನು ಹೇಳುವ ಮುಂಚೆ ತಾನೇ ಹೇಳಿದಳು. ಅದು ಎರಡನೇ ಸಲ ಓದುವಾಗ. ಪುಟ್ಟಿ ಎಷ್ಟನೆಯವಳು ಅಂತ ಕೇಳಲೇ ಇಲ್ಲ. ಬೆರಳಚ್ಚು ಎಣಿಸುವುದರಲ್ಲೇ ಇದ್ದಳು. ನಾನು ಬರೆದದ್ದು 23, ಅವಳು 24 ಅಂತಾಳೆ. ಇಪ್ಪತ್ತನಾಲ್ಕನೆಯದು ನನ್ನದೇ, ಟೀ ಕುಡಿದ ಕೈಯದ್ದು.

ಆಮೇಲೆ ಪುಸ್ತಕ ಮುಚ್ಚಿ ಹಿಂಬದಿಯ ರಟ್ಟು ನೋಡಿದಳು. ಅಲ್ಲಿ ಪುಟ್ಟಿಯ ಸಣ್ಣ ಚಿತ್ರ ಇದೆ, ಸೈಕಲ್ ಎಡಕ್ಕೆ ಹೋಗುತ್ತಿದೆ. "ಅಮ್ಮಾ, ಇಲ್ಲಿ ಚೈನ್ ಯಾಕೆ ಕಾಣ್ತಿದೆ?" ಅಂದಳು.

ಇವತ್ತು ರಾತ್ರಿ ಅದನ್ನು ಮತ್ತೆ ಬರೆಯಬೇಕು.